ಕೇಳದೆ ‘ಇಲ್ಲ’ ಒತ್ತದ ಸಿಸ್ಟರ್

ಬೆಳಗಿನ ಐದೂವರೆ. ಪುರುಷರ ವಾರ್ಡಿನಲ್ಲಿ ಕಂಪ್ಯೂಟರ್ ಹೊತ್ತ ಗಾಲಿಮೇಜೊಂದು ಕಿರುಗುಟ್ಟುತ್ತ ಬರುತ್ತಿದೆ. ನಾಲ್ಕು ಗಾಲಿಗಳಲ್ಲಿ ಒಂದಕ್ಕೆ ಕುಂಟು. ತಳ್ಳುತ್ತಿರುವವರು ಐವತ್ತಾರರ ನರ್ಸ್, ಇಡೀ ಆಸ್ಪತ್ರೆಗೆ ‘ಪ್ರಶ್ನೆ ಸಿಸ್ಟರ್’. ಹದಿನಾಲ್ಕನೇ ಹಾಸಿಗೆಯ ಬಳಿ ನಿಲ್ಲುತ್ತಾರೆ. ನಿನ್ನೆ ಸಂಜೆ ಸೇರಿದ ತಾತನ ದಾಖಲೆಯಲ್ಲಿ ‘ಔಷಧದ ಅಲರ್ಜಿ: ಇಲ್ಲ’ ಎಂದಿದೆ. ಎಂಟು ಗಂಟೆಗೆ ಅವರಿಗೆ ಪೆನ್ಸಿಲಿನ್ ಶುರುವಾಗಬೇಕು.

“ತಾತ, ಯಾವ್ದಾದ್ರೂ ಔಷಧಿ ಮೈಗೆ ಆಗಲ್ವಾ?”

“ಇಲ್ಲಮ್ಮ.” ಕಣ್ಣೂ ಬಿಡದೆ ಉತ್ತರ.

“ಸೂಜಿ ಹಾಕಿಸ್ಕೊಂಡು ಯಾವತ್ತಾದ್ರೂ ಮುಖಗಿಖ ಊದಿತ್ತಾ?”

ಈಗ ಕಣ್ಣು ತೆರೆಯುತ್ತದೆ. “ಓ, ಅದಾ! ಮದುವೆಯಾದ ವರ್ಷ ಪೆನ್ಸಿಲಿನ್ನೋ ಏನೋ ಕೊಟ್ಟಿದ್ರು. ಮುಖ ಕುಂಬಳಕಾಯಿ ಆಗೋಯ್ತು. ಹೆಂಡ್ತಿನೇ ಗುರ್ತು ಹಿಡೀಲಿಲ್ಲ!”

ಸಿಸ್ಟರ್ ನಗುತ್ತಲೇ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಪರದೆಯ ಮೇಲಿನ ‘ಇಲ್ಲ’ ಹೋಗಿ ಕೆಂಪಕ್ಷರದಲ್ಲಿ ‘ಇದೆ’ ಬರುತ್ತದೆ.

ಅಲರ್ಜಿಯ ಪ್ರಶ್ನೆಗೆ ಪರದೆಯಲ್ಲಿರುವುದು ‘ಇದೆ’, ‘ಇಲ್ಲ’ ಎಂಬ ಎರಡೇ ಬಟನ್. ಒಂದನ್ನು ಒತ್ತದೆ ಮುಂದಿನ ಪುಟ ತೆರೆಯದು. ಕೌಂಟರಿನ ಮುಂದೆ ಸಾಲು ಬೆಳೆದಾಗ ಯಾರ ಬೆರಳಾದರೂ ‘ಇಲ್ಲ’ದ ಮೇಲೇ ಬೀಳುತ್ತದೆ. ಆರು ವರ್ಷದ ಹಿಂದೆ, ಕಂಪ್ಯೂಟರ್ ಬಂದ ಮೊದಲ ವಾರ, ಇವರ ಬೆರಳೂ ಬಿದ್ದಿತ್ತು. ರೋಗಿ ಬೇರೆ ಯಾರೂ ಅಲ್ಲ, ಸ್ವಂತ ನಾದಿನಿ.

“ಇಪ್ಪತ್ತು ವರ್ಷ ಒಂದೇ ಮನೇಲಿದ್ದೀವಿ, ಅವಳ ಬಗ್ಗೆ ನಂಗೊತ್ತಿಲ್ದೇ ಇರೋದೇನಿದೆ ಅಂದ್ಕೊಂಡೆ. ಕೇಳ್ಲೇ ಇಲ್ಲ. ಇಂಜೆಕ್ಷನ್ ಕೊಟ್ಟ ಅರ್ಧ ಗಂಟೇಲಿ ಉಸಿರು ಕಟ್ತು.”

ನಾದಿನಿ ಮೂರು ದಿನ ತೀವ್ರ ನಿಗಾ ಘಟಕದಲ್ಲಿದ್ದು ಉಳಿದುಕೊಂಡರು. “ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು” ಎನ್ನುವಾಗ ಸಿಸ್ಟರ್ ದನಿ ತಗ್ಗುತ್ತದೆ. ಈಗಲೂ ಊಟಕ್ಕೆ ಕೂತಾಗ ನಾದಿನಿ “ಕೇಳಿ ಬಡ್ಸು ಅತ್ತಿಗೆ” ಎಂದು ಕಾಲೆಳೆಯುತ್ತಾರಂತೆ.

ಅಂದಿನಿಂದ ಡ್ಯೂಟಿಗೆ ಒಂದೂವರೆ ಗಂಟೆ ಮೊದಲೇ ಹಾಜರು. ಹೊಸದಾಗಿ ಸೇರಿದ ಹತ್ತು ಹನ್ನೆರಡು ರೋಗಿಗಳನ್ನು ಎಬ್ಬಿಸಿ, ಅದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳುತ್ತಾರೆ. ಒಬ್ಬರ ದಾಖಲೆಗೆ ನಾಲ್ಕು ನಿಮಿಷ ಎಂಬುದು ಕಚೇರಿಯ ನಿಯಮ; ಇವರಿಗೆ ಎಂಟು ಬೇಕು. ‘ನಿಧಾನ’ ಎಂದು ಎರಡು ನೋಟಿಸು ಬಂದಿವೆ. ಅದೇ ಕಚೇರಿಯವರಿಗೆ ಪುರುಸೊತ್ತಿದ್ದರೆ ಇನ್ನೊಂದು ಲೆಕ್ಕವನ್ನೂ ನೋಡಬಹುದಿತ್ತು: ಕಳೆದ ವರ್ಷ ನಲವತ್ತೊಂದು ‘ಇಲ್ಲ’ಗಳು ಇವರ ಕೈಯಲ್ಲಿ ‘ಇದೆ’ ಆಗಿವೆ.

ಸಾಫ್ಟ್‌ವೇರಿನವರಿಗೆ ಬರೆದ ಪತ್ರಗಳು ಏಳು. ಏಳಕ್ಕೂ ಒಂದೇ ಉತ್ತರ, ‘ಪರಿಶೀಲಿಸಲಾಗುವುದು’. ಓದಿದರೆ ನನಗೇ ಮೈ ಉರಿಯುತ್ತದೆ. ಸಿಸ್ಟರ್ ಎಂಟನೆಯದನ್ನು ಬರೆದು ಜೇಬಿನಲ್ಲಿಟ್ಟುಕೊಂಡಿದ್ದಾರೆ.

ಎಂಟು ಗಂಟೆ. ಡಾಕ್ಟರ್ ಬೇರೆ ಇಂಜೆಕ್ಷನ್ ಬರೆದಿದ್ದಾರೆ. ಹದಿನಾಲ್ಕನೇ ಹಾಸಿಗೆಯ ತಾತ ಪಕ್ಕದವರಿಗೆ ದೂರು ಹೇಳುತ್ತಿದ್ದಾರೆ: “ಬೆಳ್‌ಬೆಳಗ್ಗೆ ನಿದ್ದೆ ಕೆಡ್ಸಿದ್ಲು ಪುಣ್ಯಾತ್‌ಗಿತ್ತಿ!”

ಪತ್ರದಲ್ಲಿ ಏನು ಕೇಳಿದ್ದೀರಿ ಎಂದೆ.

“ಮೂರನೇ ಬಟನ್ ಒಂದು ಕೊಡಿ, ‘ಇನ್ನೂ ಕೇಳಿಲ್ಲ’ ಅಂತ. ಅಷ್ಟೇ.” ಕುಂಟು ಗಾಲಿಯನ್ನು ಕಾಲಿನಿಂದ ಸರಿಮಾಡಿಕೊಂಡು ಮೇಜು ತಳ್ಳುತ್ತಾರೆ. “ಅದು ಬರೋವರೆಗೂ ನಾನೇ ಆ ಬಟನ್.”