ಬೋರವ್ವನ ಹೊಳೆಯುವ ಬದನೆಕಾಯಿ

ಬಾಗಲಕೋಟೆಯ ನವನಗರದಲ್ಲಿ ಪ್ರೇಮಾಬಾಯಿ ಕೈಚೀಲ ಹಿಡಿದು ಸಂತೆಗೆ ಹೊರಟರೆ ಓಣಿಯ ಹೆಂಗಸರೂ ಹಿಂದೆಯೇ ಹೊರಡುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅವರು ಬೆಂಡೆಕಾಯಿಯ ತುದಿ ಮುರಿದು ನೋಡಿ "ಛಲೋ ಅದ" ಅಂದರೆ ಮಾತ್ರ ಉಳಿದವರು ಕೊಳ್ಳುವುದು.

ಆ ದೊಡ್ಡಸ್ತಿಕೆಗೆ ಕುತ್ತು ಬಂದದ್ದು ಇಳಕಲ್ಲಿನ ಅಮಿತಾ ಪಕ್ಕದ ಮನೆಗೆ ಸೊಸೆಯಾಗಿ ಬಂದ ಮೇಲೆ. ಹಣ್ಣಿನ ಮೇಲೆ ಅಂಟಿಸಿದ ಚೀಟಿಯ ನಂಬರು ಎಂಟರಿಂದ ಶುರುವಾದರೆ ಅದು ಕುಲಾಂತರಿ, ಕೊಳ್ಳಬೇಡಿ ಎಂದು ಅವಳು ಮೊಬೈಲಿನಲ್ಲಿ ನೋಡಿದ್ದಳು. ಹುಳುಕಿಲ್ಲದೆ ಹೊಳೆಯುವ ಕಾಯಿಯೂ ಅದೇ ಎಂದಳು. ತಿಂಗಳೊಪ್ಪತ್ತಿನಲ್ಲಿ ಹೆಂಗಸರೆಲ್ಲ ಅವಳ ಸುತ್ತ. "ಅಮಿತಾ, ಈ ಟೊಮ್ಯಾಟೊ ನಡೀತದೇನ?" ಎಂದು ಅವರು ಕೇಳುವಾಗ ಎರಡು ಹೆಜ್ಜೆ ಹಿಂದೆ ನಿಂತ ಪ್ರೇಮಾಬಾಯಿಯ ಹೊಟ್ಟೆ ಉರಿಯುತ್ತಿತ್ತು.

ಅವಳು ಹೇಳುವುದು ತಪ್ಪೆಂದು ಅವರಿಗೆ ಗೊತ್ತಿತ್ತು. ಆದರೂ ತಿದ್ದಲಿಲ್ಲ. ಇನ್ನಷ್ಟು ತಪ್ಪು ಹೇಳಲಿ, ಎಲ್ಲರೆದುರು ಮುಖಭಂಗವಾಗಲಿ ಎಂದು ಕಾದರು.

ಹಾಗೆ ಕಾದ ಮೂರು ವಾರ ಪೆಟ್ಟು ತಿಂದವಳು ಬೋರವ್ವ. ಕೆರೂರ ಕಡೆಯಿಂದ ಬಸ್ಸಿನಲ್ಲಿ ಬದನೆಕಾಯಿ ತಂದು ಮಾರುವ ಅವಳ ಬುಟ್ಟಿ ಸಂಜೆಯಾದರೂ ತುಂಬಿಯೇ ಇರುತ್ತಿತ್ತು. ಒಂದು ಬೆಳಿಗ್ಗೆ ಸಂತೆಯಲ್ಲಿ ಅವಳೇ ಪ್ರೇಮಾಬಾಯಿಯನ್ನು ತಡೆದು ಕೇಳಿದಳು:

"ಬಾಯಾರ, ಹುಳ ಬೀಳಬಾರ್ದಂತ ಬೇವಿನ ಕಷಾಯ ಹೊಡದು ಬೆಳಸೀನ್ರಿ. ಕಾಯಿ ಚಂದ ಐತಿ ಅಂತ ಯಾರೂ ಒಯ್ಯವಲ್ರು. ನೀವರ ಹೇಳ್ರಿ, ಏನ್ ತಪ್ಪೈತಿ ಇದ್ರಾಗ?"

ಪ್ರೇಮಾಬಾಯಿಗೆ ನಾಚಿಕೆಯಾಯಿತು. ಆದರೆ ಬಾಯಿ ತೆರೆದಾಗ ಬಂದದ್ದು ನಾಚಿಕೆಯಲ್ಲ, ಇಷ್ಟು ದಿನ ಕೂಡಿಟ್ಟ ಸಿಟ್ಟು.

"ಅಮಿತಾ, ಇಲ್ಲಿ ಬಾ. ಎರಡು ಬದನಿ ತಳಿ ಕೂಡಿಸಿದ್ರ ಹೈಬ್ರಿಡ್. ಬ್ಯಾರೆ ಜೀವದ ಗುಣ ಪ್ರಯೋಗಶಾಲಿಯೊಳಗ ತಂದು ಸೇರಿಸಿದ್ರ ಕುಲಾಂತರಿ. ನಮ್ಮ ದೇಶದಾಗ ಕುಲಾಂತರಿ ಕಾಯಿಪಲ್ಯ ಬೆಳದು ಮಾರ್ಲಿಕ್ಕೆ ಪರವಾನಗಿನೇ ಇಲ್ಲ. ರೈತರು ಬೆಳೀಲಿಕ್ಕೆ ಕೊಟ್ಟದ್ದು ಹತ್ತಿಗೆ ಅಷ್ಟೇ. ಹೊಳಪು ನೋಡಿ ಗುರ್ತು ಹಿಡಿಯೂದು ಆಗೂದಿಲ್ಲ. ಆ ಎಂಟರ ನಂಬರ ಅಂಗಡ್ಯಾಗ ಯಾರೂ ಹಚ್ಚೂದಿಲ್ಲ."

ಅಮಿತಾಳ ಮುಖ ಕೆಂಪಾಯಿತು. ಪ್ರೇಮಾಬಾಯಿಗೆ ಹೋಳಿಗೆ ತಿಂದಷ್ಟು ಸುಖ. ಆಗ ಅಮಿತಾ ಮೆಲ್ಲಗೆ ಕೇಳಿದಳು, "ಕಾಕು, ಹಂಗಾದ್ರ ಹತ್ತಿಕಾಳಿನ ಎಣ್ಣಿ?"

ನಾಲ್ಕು ವರ್ಷದಿಂದ ಪ್ರೇಮಾಬಾಯಿ ಅದೇ ಎಣ್ಣೆಯಲ್ಲಿ ಚಕ್ಕುಲಿ ಕರಿಯುತ್ತಿದ್ದರು. ತಗೊಳ್ಳಿ ಎಂದು ಓಣಿಗೆಲ್ಲ ಹೇಳಿದವರೂ ಅವರೇ. ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಬೋರವ್ವ ತಮ್ಮನ್ನೇ ನೋಡುತ್ತಿದ್ದಳು.

"ಅದೂ ಅದೇ ಕುಲಾಂತರಿ ಹತ್ತೀದು," ಎಂದರು. "ನನಗ ಹೊಳದೇ ಇರ್ಲಿಲ್ಲ. ತಿಂದ್ರ ಕೆಟ್ಟದ್ದಂತ ನಾ ಹೇಳೂದಿಲ್ಲ. ಬ್ಯಾಡ ಅನ್ನೋರು ಪಾಕೀಟಿನ ಹಿಂದ ಏನ್ ಬರದದ, ಓದಿ ತಗೋರಿ."

ಅಮಿತಾ ಬೋರವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, "ತಪ್ಪಾತವ್ವಾ," ಎಂದು ಎರಡು ಕಿಲೋ ತೂಗಿಸಿದಳು. ಉಳಿದವರೂ ಕೈಚಾಚಿದರು. ಮಧ್ಯಾಹ್ನದೊಳಗೆ ಬುಟ್ಟಿ ಬರಿದಾಯಿತು. ಮನೆಗೆ ಬರುವ ದಾರಿಯಲ್ಲಿ ಹೆಂಗಸರು ಹೊಗಳಿದ್ದು ಮಾತ್ರ ಅಮಿತಾಳನ್ನು: "ಎಂಥಾ ಶಾಣ್ಯಾ ಪ್ರಶ್ನೆ ಕೇಳಿದಿ!" ಪ್ರೇಮಾಬಾಯಿ ಬೇಗ ಬೇಗ ಹೆಜ್ಜೆ ಹಾಕಿದರು.

ಈಗ ಅಮಿತಾ ವಾರಕ್ಕೆರಡು ಸಲ ಅವರ ಮನೆಗೆ ಬಂದು, "ಇದರರ್ಥ ಏನ್ರಿ ಕಾಕು?" ಎಂದು ಪಾಕೀಟು ತೋರಿಸುತ್ತಾಳೆ. ಪ್ರೇಮಾಬಾಯಿ ಕನ್ನಡಕ ಏರಿಸಿ ಓದಿ ಹೇಳುತ್ತಾರೆ, ಚಹಾ ಮಾಡಿಕೊಡುತ್ತಾರೆ. ಕಲ್ಲಂಗಡಿ ಬಡಿದು ಹಣ್ಣಾದದ್ದನ್ನು ಗುರುತಿಸುವುದನ್ನು ಮಾತ್ರ ಅವಳು ಎಷ್ಟು ಕೇಳಿದರೂ ಇನ್ನೂ ಕಲಿಸಿಲ್ಲ.