ಮಲಾವಿಗೆ ಹೋದ ಕುಂಕುಮ

ಅಮೆರಿಕದ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ನಮ್ಮ ಬೀದಿಯಲ್ಲಿ ಕೋಕಿಲಾಳಷ್ಟು ಶಿಸ್ತಿನ ಹೆಂಗಸನ್ನು ನಾನು ಕಂಡಿಲ್ಲ. ಅವಳ ಮನೆಯಲ್ಲಿ ಚಟ್ನಿಪುಡಿ ಡಬ್ಬಿಗೂ ತಾರೀಖಿನ ಚೀಟಿ. ಗಂಡನ ವೀಸಾದ ಬಾಲ ಹಿಡಿದು ಬಂದು, ಕೆಲಸಕ್ಕೆ ಅನುಮತಿಯಿಲ್ಲದೆ ಹನ್ನೊಂದು ವರ್ಷ ಡಬ್ಬಿಗಳನ್ನೇ ಆಳಿದವಳು. ಅನುಮತಿ ಬಂದ ತಿಂಗಳೇ, ನಾನು ಅಂಕಿಅಂಶ ನೋಡುವ ಹ್ಯೂಸ್ಟನ್ನಿನ ಸಂಶೋಧನಾ ಕಚೇರಿಗೆ ಅವಳನ್ನೂ ಎಳೆದುಕೊಂಡು ಹೋದೆ. ನಲವತ್ತೆರಡಕ್ಕೆ ಮೊದಲ ಕೆಲಸ. ಕೊರಳಿನ ಗುರುತಿನ ಚೀಟಿಯನ್ನು ತರಕಾರಿ ಅಂಗಡಿಯಲ್ಲೂ ತೆಗೆಯುತ್ತಿರಲಿಲ್ಲ.

ನಾವು ಅಳೆಯುವುದು ಆಫ್ರಿಕಾದ ಮಲಾವಿಯ ಪುಟ್ಟ ಮಕ್ಕಳ ಬೆಳವಣಿಗೆಯನ್ನು. ಕೆಲವು ಹಳ್ಳಿಗಳಲ್ಲಿ ಮಕ್ಕಳೊಡನೆ ಆಡುವುದು ಹೇಗೆಂದು ತಾಯಂದಿರಿಗೆ ಕಲಿಸುತ್ತಾರೆ. ಅದನ್ನು ಕೇಳಿ ಆ ತಾಯಂದಿರು ನಗುತ್ತಾರಂತೆ. ನಗದೆ ಏನು ಮಾಡುತ್ತಾರೆ. ಇನ್ನು ಕೆಲವು ಹಳ್ಳಿಗಳಲ್ಲಿ ಕಲಿಸುವುದಿಲ್ಲ. ಆಮೇಲೆ ಎರಡೂ ಕಡೆಯ ಮಕ್ಕಳ ಮುಂದೆ ಒಂದೇ ಬಗೆಯ ಆಟಿಕೆ ಪೆಟ್ಟಿಗೆ ಇಟ್ಟು ಹೋಲಿಸುತ್ತಾರೆ: ಬಟ್ಟಲು, ಗೊಂಬೆ, ಎಂಟು ಮರದ ಬ್ಲಾಕು. ಅರವತ್ತು ಪೆಟ್ಟಿಗೆ ತುಂಬಿ ಕಳಿಸುವುದು ಕೋಕಿಲಾಳ ಕೆಲಸ.

ಪೆಟ್ಟಿಗೆಗಳು ವಿಮಾನ ಹತ್ತುವ ಹಿಂದಿನ ದಿನ ಆಯುಧಪೂಜೆ. ಅವಳು ಮಿಕ್ಸಿಗೆ, ಕಾರಿಗೆ, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು ಕಚೇರಿಗೆ ಬಂದಳು. ಕೈ ಸುಮ್ಮನಿರಬೇಕಲ್ಲ.

ಮೂರು ವಾರಕ್ಕೆ ಮೊದಲ ವಿಡಿಯೊ ಬಂತು. ಬ್ಲಾಕು ಪೇರಿಸು ಎಂದರೆ, ಮಗು ಒಂದು ಬ್ಲಾಕನ್ನು ಎತ್ತಿಕೊಂಡು ಅದರ ಮೇಲಿನ ಕೆಂಪನ್ನು ಬೆರಳಿನಿಂದ ಉಜ್ಜುತ್ತ ಕೂತುಬಿಟ್ಟಿತು. ಸಮಯ ಮುಗಿಯಿತು. ಎರಡನೇ ಮಗುವೂ ಉಜ್ಜಿತು. ಮೂರನೆಯದು ಅಮ್ಮನಿಗೆ ತೋರಿಸಲು ಓಡಿತು.

ಅಧ್ಯಯನದ ಮುಖ್ಯಸ್ಥರು ಮೈಸೂರಿನ ಡಾಕ್ಟರ್ ಮುರಳೀಧರ. ಕೂದಲೆಳೆಯ ವ್ಯತ್ಯಾಸಕ್ಕೂ ನಿದ್ದೆಗೆಡುವ ಮನುಷ್ಯ. ಪರದೆಗೆ ಮೂಗು ತಾಗಿಸಿ ನೋಡಿದರು.

"ಇದು ಕುಂಕುಮ ಅಲ್ವಾ?"

ಕಾರ್ಖಾನೆಯ ಗುರುತು ಅಂದುಬಿಡು ಎಂದು ನಾನು ಮೇಜಿನಡಿ ಅವಳ ಕಾಲು ತುಳಿದೆ.

"ಹೌದು ಸರ್. ನಾನೇ ಇಟ್ಟಿದ್ದು," ಅಂದಳು ಕೋಕಿಲಾ. "ಮಕ್ಕಳು ಚೆನ್ನಾಗಿ ಮಾಡ್ಲಿ ಅಂತ."

"ಅಳೆಯೋರು ಹಾಗೆಲ್ಲ ಹಾರೈಸಬಾರದು ಕಣಮ್ಮ. ಇಡೀ ಅಧ್ಯಯನ ಹಾಳಾಗುತ್ತೆ."

ಅವಳ ಕೈ ಆಗಲೇ ಗುರುತಿನ ಚೀಟಿಯ ಮೇಲಿತ್ತು, ಬಿಚ್ಚಿ ಕೊಡುವವಳ ಹಾಗೆ. ಕರೆತಂದವಳು ನಾನು.

ಸರ್ ಹಣೆ ಒತ್ತಿಕೊಂಡು ಕೇಳಿದರು: "ಯಾವ ಗುಂಪಿನ ಪೆಟ್ಟಿಗೆಗೆ ಇಟ್ರಿ? ಕಲಿಸಿದ ಹಳ್ಳೀದಾ, ಕಲಿಸದೇ ಇರೋದಾ?"

"ಎಲ್ಲಾ ಅರವತ್ತಕ್ಕೂ ಸರ್. ಮೊದಲನೇ ಬ್ಲಾಕಿಗೆ ಒಂದೊಂದು ಬೊಟ್ಟು. ಕೆಲವು ಮಕ್ಕಳಿಗೆ ಇಟ್ಟು ಕೆಲವು ಮಕ್ಕಳನ್ನ ಬಿಡೋದು ಹ್ಯಾಗೆ?"

ಸರ್ ನನ್ನ ಕಡೆ ನೋಡಿದರು. ಎರಡೂ ಕಡೆ ಒಂದೇ ತೊಡಕಾದರೆ ಹೋಲಿಕೆ ಕೆಡುವುದಿಲ್ಲ ಎಂದೆ. ಅಷ್ಟು ಬೇಗ ನಾನು ಯಾವತ್ತೂ ಉತ್ತರ ಕೊಟ್ಟವಳಲ್ಲ.

ಆದರೆ ಕುಂಕುಮ ಉಜ್ಜಿದರೆ ಅಳಿಸಿಹೋಗುತ್ತದೆ, ಅಧ್ಯಯನದಲ್ಲಿ ಒಮ್ಮೆ ಶುರುವಾದದ್ದನ್ನು ಕೊನೆಯ ಮಗುವಿನವರೆಗೆ ಬದಲಿಸುವಂತೆಯೂ ಇಲ್ಲ. ಹಾಗಾಗಿ ನಿಯಮಪುಸ್ತಕದ ಹನ್ನೆರಡನೇ ಪುಟಕ್ಕೆ ಹೊಸ ಸಾಲು ಸೇರಿತು: ಮೊದಲನೇ ಬ್ಲಾಕಿಗೆ ಒಂದು ಕೆಂಪು ಬೊಟ್ಟು, ಮಕ್ಕಳಿಗೆ ಹಾನಿಯಾಗದ ಬಣ್ಣದಲ್ಲಿ. ಹೊಣೆ, ಕೋಕಿಲಾ ನಂದಕುಮಾರ್.

ಸಂಜೆ ಕಾರು ಸೈಪ್ರೆಸ್ ತಲುಪುವವರೆಗೂ ಅವಳು ಆ ಪುಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಳುತ್ತಿದ್ದಾಳೇನೋ ಎಂದು ಓರೆಗಣ್ಣಲ್ಲಿ ನೋಡಿದೆ.

"ಕೆಲಸದ ಕಾಗದದಲ್ಲಿ ನನ್ನ ಹೆಸರು ಇದೇ ಮೊದಲು ಕಣೇ," ಅಂದಳು. ಆಮೇಲೆ ಪುಟವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ಓದಿ, "ಬಣ್ಣದ ಡಬ್ಬಿಗೆ ಕುಂಕುಮ ಇಡಬಾರದು ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ, ಅಲ್ವಾ?" ಎಂದು ಕೇಳಿದಳು.