ಆಪರೇಟರನ ಗುಟ್ಟು
ಗ್ಯಾಸ್ ಪಂಪಿಂಗ್ ಸ್ಟೇಷನ್ನಿನ ಆಪರೇಟರ್ ತನ್ನ ಮನೆಯಲ್ಲಿ ಪಿಸುಗುಟ್ಟಿದರೆ ಬೀದಿಯ ಕೊನೆಯ ಮನೆಯವರೂ ತಿರುಗಿ ನೋಡುತ್ತಾರೆ. ಊರಿನ ಒಲೆಗಳಿಗೆಲ್ಲ ಗ್ಯಾಸ್ ತಳ್ಳುವ ಯಂತ್ರಗಳ ಮಗ್ಗುಲಲ್ಲೇ ಅರ್ಧ ಆಯುಸ್ಸು ಕಳೆದವನಿಗೆ ಮೆಲುದನಿ ಎಂಬುದೇ ಮರೆತುಹೋಗಿದೆ. ಕಂಪನಿಯದು ಧಾರಾಳ ಮನಸ್ಸು; ಹೋದ ಕಿವಿಗೆಂದು ತಿಂಗಳು ತಿಂಗಳು ಸದ್ದಿನ ಭತ್ಯೆ ಕೊಡುತ್ತದೆ. ಅದು ಚಹಾದ ಸಕ್ಕರೆಗೆ ಸಾಕು, ಹಾಲಿಗೆ ಸಾಲದು. "ಯಾರಿಗೂ ಹೇಳ್ಬೇಡ ಕಣೇ, ಸಂಬಳ ಸ್ವಲ್ಪ ಜಾಸ್ತಿ ಆಯ್ತು" ಎಂದು ಅವನು ಹೆಂಡತಿಯ ಕಿವಿಯಲ್ಲಿ ಹೇಳಿದ ಮರುದಿನವೇ ಮಹಡಿಯಿಂದ ಮನೆ ಮಾಲೀಕರು ಇಳಿದು ಬಂದು ಬಾಡಿಗೆ ಏರಿಸುತ್ತಾರೆ, ಭಾವಮೈದುನ ಹೆಂಡತಿ ಮಕ್ಕಳ ಸಮೇತ ಊಟಕ್ಕೆ ಹಾಜರಾಗುತ್ತಾನೆ. "ಈ ಜನಕ್ಕೆ ಅದ್ಹೇಗೆ ಗೊತ್ತಾಗುತ್ತೋ!" ಎಂದು ಅವನು ಬೀದಿಗೆಲ್ಲ ಕೇಳುವಂತೆ ಅಚ್ಚರಿಪಡುತ್ತಾನೆ. ಹೆಂಡತಿ ಒಂದು ದಿನವೂ ಆ ದನಿಯನ್ನು ದೂರಿದವಳಲ್ಲ. ಯಂತ್ರಗಳ ಗದ್ದಲದಲ್ಲಿ ಕೆಲಸದವರು ಬಳಸುವ ಕೈಸನ್ನೆಗಳನ್ನೆಲ್ಲ ಸದ್ದಿಲ್ಲದೆ ಕಲಿತುಕೊಂಡಿದ್ದಾಳೆ, ಮುಂದೊಂದು ದಿನ ಅವನಿಗೆ ಏನೂ ಕೇಳಿಸದೇ ಹೋದರೆ ಬೇಕಾಗುತ್ತದೆಂದು. ಈ ಸಲ ಸಂಬಳ ಏರಿದ ಸಂಜೆ ಅವಳು ಬಾಗಿಲಲ್ಲೇ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಹೆಬ್ಬೆರಳನ್ನು ಒಂದಿಷ್ಟೇ ಮೇಲೆತ್ತಿದ: ಗ್ಯಾಸಿನ ಒತ್ತಡ ಏರಿದೆ. ಅವಳು ಅಂಗೈ ಚಾಚಿ ತೋರಿಸಿದಳು: ಅಲ್ಲೇ ನಿಲ್ಲಿಸು. ಊಟ ಮುಗಿಯುವವರೆಗೂ ಇಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ಕೈಯಲ್ಲೇ ಮಾತಾಡಿಕೊಂಡು, ದನಿ ಹೊರಡಿಸದೆ ನಕ್ಕರು. ಬೆಳಿಗ್ಗೆ ಮನೆ ಮಾಲೀಕರು ಮೆಟ್ಟಿಲಿಳಿದು ಬಂದರು. "ಏನಪ್ಪಾ, ನಿನ್ನೆ ನಿಮ್ಮನೇಲಿ ಒಂದು ಮಾತೂ ಕೇಳಿಸ್ಲಿಲ್ಲ," ಎಂದರು, "ಸಂಬಳ ಅಷ್ಟೊಂದು ಜಾಸ್ತಿ ಆಯ್ತಾ?"